ಇಬ್ಬರ ಆಜ್ಞೆ, ಒಬ್ಬನ ತಪ್ಪು

ಕಳೆದ ಬನದ ಹುಣ್ಣಿಮೆಯ ಮರುದಿನ ಸಂಜೆ ನನ್ನ ತಂಗಿಯ ಮಗ ಚಿಕ್ಕೋಡಿಯ ನಮ್ಮ ಮನೆಗೆ ಬಂದನು. ಕೃಷಿ ಪದವಿಯ ಮೇಲೆ ವ್ಯವಹಾರ ನಿರ್ವಹಣೆಯ ಪದವಿಯನ್ನೂ ಪಡೆದ ತರುಣ. ಕೃಷ್ಣಾ ತೀರದ ಒಂದು ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದಲ್ಲಿ ಅಧಿಕಾರಿಯಾಗಿ ಎರಡು ಹಂಗಾಮು ಕಳೆದಿದ್ದಾನೆ. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಕಬ್ಬು ನುರಿಸುವ ಹಂಗಾಮಿನಲ್ಲಿ ಆ ವಿಭಾಗದವರಿಗೆ ಹಬ್ಬವೂ ಇಲ್ಲ, ಹುಣ್ಣಿಮೆಯೂ ಇಲ್ಲ. ಅಂಥ ದಿನಗಳಲ್ಲಿ ಅವನನ್ನು ಬಾಗಿಲಲ್ಲಿ ಕಂಡೊಡನೆಯೇ ಏನೋ ತೊಡಕು ಬಂದಿದೆಯೆಂದು ತಿಳಿದೆ. ಊಟವಾದ ಮೇಲೆ ಚೀಲದಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟನು.

“ಮಾಮಾ, ನಾಳೆ ಇದಕ್ಕ ನಾ ಸಹಿ ಮಾಡಬೇಕು. ಕೈ ಏಳವಲ್ದು,” ಎಂದನು.

ಅದು ಹಂಗಾಮಿ ನೌಕರನೊಬ್ಬನನ್ನು ಕೆಲಸದಿಂದ ತೆಗೆಯುವ ಕಾಗದ. ಆ ನೌಕರ ಇಪ್ಪತ್ತೆರಡು ವರ್ಷದ ಹುಡುಗ. ಹೊಲದಲ್ಲಿ ನಿಂತು, ಯಾವ ರೈತನ ಕಬ್ಬು ಯಾವ ಟ್ರ್ಯಾಕ್ಟರಿನಲ್ಲಿ ಹೋಯಿತೆಂದು ಚೀಟಿ ಬರೆದು ಕೊಡುವುದು ಅವನ ಕೆಲಸ. ನಮ್ಮ ಕಡೆ ಕೆಲವರು ಅವನನ್ನು ಸ್ಲಿಪ್‌ಬಾಯ್ ಎನ್ನುತ್ತಾರೆ, ಕೆಲವರು ಚಿಟ್‌ಬಾಯ್ ಎನ್ನುತ್ತಾರೆ. ನಾಟಿಯ ದಿನಾಂಕದಂತೆ ಮಾಡಿದ ಸರದಿಯ ಪಟ್ಟಿಯ ಪ್ರಕಾರ ಒಬ್ಬ ಸಣ್ಣ ರೈತನ ಎರಡೆಕರೆ ಕಬ್ಬನ್ನು ಕಟಾವು ಮಾಡಿಸಬೇಕೆಂದು ವಿಭಾಗದ ಅಧಿಕಾರಿ ಹೇಳಿದ್ದರು. ಹುಡುಗ ಮಾಡಿಸಿದನು. ಮರುದಿನ ಬೆಳಿಗ್ಗೆ ಆಡಳಿತ ಮಂಡಳಿಯ ಹಿರಿಯರೊಬ್ಬರಿಂದ ಅವನಿಗೆ ಫೋನು ಬಂತು: ಟ್ರ್ಯಾಕ್ಟರುಗಳನ್ನು ಮೊದಲು ನಮ್ಮ ಬೀಗರ ಹೊಲಕ್ಕೆ ಕಳಿಸು. ಹುಡುಗ ಕಳಿಸಿದನು. ಕಡಿದ ಕಬ್ಬು ಬಿಸಿಲಿನಲ್ಲಿ ಮೂರು ದಿನ ಬಿದ್ದಿತು. ಕಡಿದ ಕಬ್ಬು ಗಂಟೆಗಂಟೆಗೂ ತೂಕ ಕಳೆದುಕೊಳ್ಳುತ್ತದೆ, ಒಳಗಿನ ಸಕ್ಕರೆಯೂ ಕೆಡುತ್ತದೆ. ಒಂದು ದಿನದೊಳಗೆ ಗಾಣಕ್ಕೆ ಬಿದ್ದರೆ ರೈತನಿಗೂ ಲಾಭ, ಕಾರ್ಖಾನೆಗೂ ಲಾಭ. ಸಣ್ಣ ರೈತ ದೂರು ಕೊಟ್ಟನು. ವಿಚಾರಣೆಯಾಯಿತು. ‘ಸರದಿ ಮೀರಿ ವಾಹನ ಕಳಿಸಿದ್ದಾನೆ’ ಎಂಬ ದೋಷ ಹುಡುಗನ ತಲೆಯ ಮೇಲೆ ಬಂತು. ಪಟ್ಟಿ ಕಾಗದದಲ್ಲಿತ್ತು, ಫೋನು ಯಾವ ಕಾಗದದಲ್ಲಿಯೂ ಇರಲಿಲ್ಲ.

ಕಾಗದವನ್ನು ಓದಿ ಮುಗಿಸಿದಾಗ ನನ್ನ ಎದೆ ಭಾರವಾಯಿತು. ಇಂಥದೇ ಒಂದು ಕಾಗದಕ್ಕೆ ನಾನೂ ಒಮ್ಮೆ ಸಹಿ ಮಾಡಿದ್ದೇನೆ. ಅದನ್ನು ಅಂದು ರಾತ್ರಿ ಮೊದಲ ಬಾರಿಗೆ ಅವನಿಗೆ ಹೇಳಿದೆ, ಈಗ ಓದುಗ ಬಂಧುಗಳಿಗೂ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು, ಅವನು ನನ್ನಲ್ಲಿ ಬಿಟ್ಟು ಹೋದ ಒಂದು ಪುಸ್ತಕದ ಮಾತು ಹೇಳಬೇಕು. ಅದು ಅವನ ಕಾಲೇಜಿನ ಪಠ್ಯ. ಸಂಸ್ಥೆಗಳಲ್ಲಿ ಜನರು ಹೇಗೆ ವರ್ತಿಸುತ್ತಾರೆ, ಕೆಲಸದ ಸ್ಥಳವನ್ನು ಹೇಗೆ ಕಟ್ಟಿರುತ್ತಾರೆ ಎಂಬುದೇ ಅದರ ವಿಷಯ. ಮಠದ ಪಾಠಶಾಲೆಯಲ್ಲಿ ಕಲಿತ ನನಗೆ ಇಂಗ್ಲಿಷ್ ಓದು ನಿಧಾನ. ಆದರೂ ಎರಡು ವಾರ ಕುಳಿತು ಓದಿದೆ. ಅದರಲ್ಲಿನ ಹಲವು ಸಂಗತಿಗಳು ನಮ್ಮ ಐದು ತಾಲೂಕುಗಳಲ್ಲಿ ನಾವು ದಿನವೂ ಕಾಣುವಂಥವೇ ಆಗಿದ್ದವು. ಹೆಸರುಗಳು ಮಾತ್ರ ಹೊಸವು.

ಏಣಿಯ ಮೆಟ್ಟಿಲುಗಳು

ಒಬ್ಬನಿಂದಾಗದ ಕೆಲಸವನ್ನು ಹಲವರು ಹಂಚಿಕೊಂಡು ಮಾಡುವುದಕ್ಕೆ ಸಂಘಟನೆ ಎಂದು ಹೆಸರು. ಕೆಲಸವನ್ನು ಹಂಚಿದೊಡನೆ ಮೂರು ಪ್ರಶ್ನೆಗಳು ಹುಟ್ಟುತ್ತವೆ. ಯಾರು ಯಾರಿಗೆ ಹೇಳಬೇಕು? ಹೇಳಿದ್ದಕ್ಕೆ ಯಾರು ಹೊಣೆ? ಕೆಳಗಿನವನಿಗೆ ತಿಳಿದ ಸಂಗತಿ ಮೇಲಿನವರಿಗೆ ಹೇಗೆ ಮುಟ್ಟಬೇಕು? ಈ ಮೂರಕ್ಕೆ ಒಂದು ಸಂಸ್ಥೆ ಕೊಡುವ ಉತ್ತರವೇ ಅದರ ರಚನೆ.

ಇದನ್ನು ಕ್ರಮವಾಗಿ ಬರೆದವರಲ್ಲಿ ಹೆನ್ರಿ ಫಯೋಲ್ ಎಂಬ ಫ್ರೆಂಚ್ ಗಣಿ ಎಂಜಿನಿಯರ್ ಮುಖ್ಯನು. ಹಲವು ದಶಕಗಳ ಕಾಲ ಕಲ್ಲಿದ್ದಲು ಗಣಿಗಳ ಕಂಪನಿಯಲ್ಲಿ ದುಡಿದು, ಅದರ ಮುಖ್ಯಸ್ಥನಾಗಿ, ತನ್ನ ಅನುಭವವನ್ನು ಹದಿನಾಲ್ಕು ತತ್ತ್ವಗಳಲ್ಲಿ ಅಡಕಮಾಡಿ 1916ರಲ್ಲಿ ಪ್ರಕಟಿಸಿದನು. ಅದೇ 1916ರ ನವೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಮುಂದಾಗಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಸಪ್ತರ್ಷಿಗಳೆಂದು ನಾವು ಅವರನ್ನು ಸ್ಮರಿಸುತ್ತೇವೆ. ಅವರು ಫಯೋಲನನ್ನು ಓದಿರಲಾರರು. ಒಂದು ಶಾಲೆಯಿಂದ ಆರಂಭವಾದ ಆ ಸಂಸ್ಥೆ ಮುಂದೆ ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳವರೆಗೂ ಹಬ್ಬಿತು. ಹಬ್ಬಿದ ಸಂಸ್ಥೆಗೆ ತ್ಯಾಗದಷ್ಟೇ ವ್ಯವಸ್ಥೆಯೂ ಬೇಕಾಗುತ್ತದೆ. ತ್ಯಾಗವನ್ನು ನಾವು ವೇದಿಕೆಯ ಮೇಲೆ ಹೊಗಳುತ್ತೇವೆ. ವ್ಯವಸ್ಥೆಯ ಮಾತು ಬಂದಾಗ ಅದು ಗುಮಾಸ್ತರ ಕೆಲಸವೆಂದು ಬಿಡುತ್ತೇವೆ.

ಫಯೋಲನ ಹದಿನಾಲ್ಕರಲ್ಲಿ ಮೂರು ನನಗೆ ನಾಟಿದವು. ಮೊದಲನೆಯದು ಆದೇಶದ ಏಕತೆ: ಒಂದು ಕೆಲಸದ ವಿಷಯದಲ್ಲಿ ಒಬ್ಬ ನೌಕರನಿಗೆ ಒಬ್ಬನೇ ಆಜ್ಞೆ ಕೊಡತಕ್ಕವನು. ಎರಡನೆಯದು ಅಧಿಕಾರ ಮತ್ತು ಹೊಣೆಗಾರಿಕೆಗಳ ಸಮತೆ: ಹೇಳುವ ಹಕ್ಕು ಎಲ್ಲಿದೆಯೋ ಉತ್ತರ ಕೊಡುವ ಭಾರವೂ ಅಲ್ಲಿಯೇ ಇರಬೇಕು. ಮೂರನೆಯದು ಶ್ರೇಣಿ ಸರಪಳಿ: ಮಾತು ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಆದರೆ ಅವಸರದ ಸಂಗತಿಗಳಲ್ಲಿ ಎಲ್ಲ ಮೆಟ್ಟಿಲು ಹತ್ತಿ ಇಳಿಯುವಷ್ಟು ಹೊತ್ತು ಇರುವುದಿಲ್ಲ. ಅದಕ್ಕಾಗಿ ಸಮಾನ ಸ್ಥಾನದ ಇಬ್ಬರ ನಡುವೆ ಒಂದು ಅಡ್ಡ ಹಲಗೆ ಹಾಕಿಕೊಳ್ಳಬಹುದು, ಮೇಲಿನವರಿಗೆ ಅದು ತಿಳಿದಿರಬೇಕು, ಅಷ್ಟೇ ಎಂದು ಫಯೋಲನು ಹೇಳಿದನು.

ಈ ಏಣಿಯನ್ನು ನೋಡಲು ನಮ್ಮ ಸಕ್ಕರೆ ಕಾರ್ಖಾನೆಗಳಿಗಿಂತ ಬೇರೆ ಉದಾಹರಣೆ ಬೇಡ. ಇಂದು ಕಾಗವಾಡ ತಾಲೂಕಿನಲ್ಲಿರುವ ಉಗಾರ ಖುರ್ದದಲ್ಲಿ ಶಿರಗಾಂವಕರ ಮನೆತನದವರು 1939ರಲ್ಲಿ ಖಾಸಗಿ ಕಾರ್ಖಾನೆಯನ್ನು ಸ್ಥಾಪಿಸಿದರು. ಮುಂದೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳಲ್ಲಿ ರೈತರೇ ಶೇರು ಕೂಡಿಸಿ ಸಹಕಾರಿ ಕಾರ್ಖಾನೆಗಳನ್ನು ಕಟ್ಟಿದರು. ಖಾಸಗಿ ಕಂಪನಿಯಲ್ಲಿ ಶೇರಿನ ಲೆಕ್ಕದಂತೆ ಮತದ ತೂಕ, ಸಹಕಾರದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ. 1905ರಲ್ಲಿ ಗದುಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದಂದಿನಿಂದ ನಮ್ಮ ಹಳ್ಳಿಗಳು ಕಂಡುಕೊಂಡ ದಾರಿ ಅದು. ಸಹಕಾರಿ ಕಾರ್ಖಾನೆಯ ತುದಿಯಲ್ಲಿ ಸದಸ್ಯರ ಸರ್ವಸಾಧಾರಣ ಸಭೆ, ಅದರ ಕೆಳಗೆ ಚುನಾಯಿತ ಆಡಳಿತ ಮಂಡಳಿ ಮತ್ತು ಅಧ್ಯಕ್ಷರು, ಅವರ ಕೆಳಗೆ ಸಂಬಳದ ವ್ಯವಸ್ಥಾಪಕ ನಿರ್ದೇಶಕರು. ಅಲ್ಲಿಂದ ಏಣಿ ಕವಲೊಡೆಯುತ್ತದೆ. ಯಂತ್ರಗಳಿಗೆ ಚೀಫ್ ಎಂಜಿನಿಯರ್, ರಸ ಕಾಸಿ ಸಕ್ಕರೆ ಮಾಡುವುದಕ್ಕೆ ಚೀಫ್ ಕೆಮಿಸ್ಟ್, ಲೆಕ್ಕಕ್ಕೆ ಲೆಕ್ಕಾಧಿಕಾರಿ, ಕಬ್ಬಿಗೆ ಕಬ್ಬು ವಿಭಾಗದ ಮುಖ್ಯಸ್ಥ. ಗಾಣ ನಿಲ್ಲಬಾರದೆಂದು ಹಗಲಿರುಳು ಮೂರು ಪಾಳಿ. ವರ್ಷವಿಡೀ ಇರುವ ಕಾಯಂ ನೌಕರರು ಕೆಲವರು, ಹಂಗಾಮಿನ ತಿಂಗಳುಗಳಲ್ಲಿ ಮಾತ್ರ ಬರುವ ಹಂಗಾಮಿ ನೌಕರರು ಕೆಲವರು.

ಆಡಳಿತ ಮಂಡಳಿಯ ಸದಸ್ಯರು ಸಭೆಯಲ್ಲಿ ಕೂಡಿದಾಗ ಒಡೆಯರು. ಠರಾವು ಮಾಡುವ ಹಕ್ಕು ಮಂಡಳಿಯದು. ಸಭೆ ಮುಗಿದು ಹೊರಗೆ ಬಂದ ಮೇಲೆ, ಹೊಲದಲ್ಲಿ ನಿಂತ ಹುಡುಗನಿಗೆ ಫೋನು ಮಾಡಿ ಹೇಳುವ ಹಕ್ಕು ಯಾವ ಒಬ್ಬ ಸದಸ್ಯನಿಗೂ ಇಲ್ಲ. ಇದು ಎಲ್ಲರಿಗೂ ಗೊತ್ತು. ಆದರೆ ಫೋನು ಬಂದಾಗ ‘ಆಗೂದಿಲ್ಲರಿ’ ಎನ್ನುವ ಧೈರ್ಯ ಹಂಗಾಮಿ ನೌಕರನಿಗೆ ಎಲ್ಲಿಂದ ಬಂದೀತು? ಮುಂದಿನ ದೀಪಾವಳಿಗೆ ಅವನನ್ನು ಮತ್ತೆ ಕರೆಯುವರೋ ಇಲ್ಲವೋ ಎಂಬುದೇ ಅವನಿಗೆ ತಿಳಿಯದು.

ಈ ಮಾತಿಗೆ ನನಗೆ ರಾಯಬಾಗ ರೈಲು ನಿಲ್ದಾಣದ ನೆನಪಾಗುತ್ತದೆ. ಒಂಟಿ ಹಳಿಯ ದಿನಗಳಲ್ಲಿ ಮುಂದಿನ ದಾರಿ ಖಾಲಿ ಇದೆ ಎಂಬುದರ ಗುರುತಾಗಿ ಸ್ಟೇಷನ್ ಮಾಸ್ತರರ ಕಡೆಯಿಂದ ಚಾಲಕನ ಕೈಗೆ ಟೋಕನ್ ಬರುತ್ತಿತ್ತು. ದೊಡ್ಡ ಬಳೆಯಂಥ ಹಿಡಿಕೆಗೆ ಕಟ್ಟಿದ ಚೀಲದಲ್ಲಿ ಅದು ಇರುತ್ತಿತ್ತು. ಚಾಲಕ ಎಷ್ಟೇ ಹಿರಿಯನಿರಲಿ, ಗಾಡಿಯಲ್ಲಿ ಎಂಥ ದೊಡ್ಡವರೇ ಕುಳಿತಿರಲಿ, ಆ ಬಳೆ ಕೈಗೆ ಬಾರದೆ ಗಾಡಿ ಕದಲುವಂತಿರಲಿಲ್ಲ. ಕೈಯಲ್ಲಿ ಹಿಡಿದು ತೋರಿಸಬಹುದಾದ ಆಜ್ಞೆ ಅದು. ಅದು ಸಣ್ಣ ನೌಕರನನ್ನೂ ಕಾಯುತ್ತಿತ್ತು, ಗಾಡಿಯ ಜನರನ್ನೂ ಕಾಯುತ್ತಿತ್ತು.

ಪಟದಲ್ಲಿ ಕಾಣದವರು

ಕಾರ್ಖಾನೆಯ ಕಚೇರಿಯಲ್ಲಿ ಈ ಏಣಿಯ ಪಟವನ್ನು ಬರೆದು ತೂಗುಹಾಕಿರುತ್ತಾರೆ. ನನ್ನ ಅಳಿಯ ಅದನ್ನು ಕಾಗದದ ಮೇಲೆ ಗೀಚಿ ತೋರಿಸಿದಾಗ ಕೇಳಿದೆ: “ಕಬ್ಬು ಕಡಿಯಾವ್ರು ಎಲ್ಲಿ ಅದಾರೋ ಇದರಾಗ?”

“ಅವರು ನಮ್ಮ ನೌಕರರಲ್ಲ ಮಾಮಾ.”

ಇದು ವಿಚಾರಮಾಡತಕ್ಕ ಸಂಗತಿ. ಬೀಡದ ಕಡೆಯಿಂದ, ನಮ್ಮ ವಿಜಯಪುರದ ಕಡೆಯಿಂದ ಹಂಗಾಮಿಗೆ ತಂಡಗಳು ಬರುತ್ತವೆ. ಗಂಡಹೆಂಡಿರ ಒಂದು ಜೋಡಿಗೆ ‘ಕೊಯ್ತಾ’ ಎಂದು ಹೆಸರು. ಮನುಷ್ಯರಿಬ್ಬರನ್ನು ಕುಡುಗೋಲಿನ ಹೆಸರಿನಿಂದ ಎಣಿಸುತ್ತಾರೆ. ಅವರ ಮೇಲೆ ಮುಕಾದಮ. ಹಂಗಾಮಿಗೆ ಮೊದಲೇ ಅವನು ಮುಂಗಡ ಹಣ ತಂದು ಹಂಚಿರುತ್ತಾನೆ, ಅದಕ್ಕೆ ‘ಉಚಲ್’ ಎನ್ನುತ್ತಾರೆ. ಆ ಸಾಲ ತೀರುವವರೆಗೆ ಅವರು ಅವನ ಮಾತು ಮೀರುವಂತಿಲ್ಲ. ಕಾರ್ಖಾನೆಯ ಗಾಣ ತಿರುಗುವುದು ಅವರ ಕೈ ಆಡಿದ ಮೇಲೆ. ಆದರೆ ಪಟದಲ್ಲಿ ಅವರಿಲ್ಲ, ಮುಕಾದಮನೂ ಇಲ್ಲ. ಚೀಟಿಯ ಹುಡುಗ ಆ ಪಟದ ಕೊನೆಯ ಮೆಟ್ಟಿಲು. ಅವನ ಒಂದು ಕಾಲು ಬರೆದ ಏಣಿಯ ಮೇಲೆ, ಇನ್ನೊಂದು ಬರೆಯದ ಏಣಿಯ ಮೇಲೆ.

ಬರೆದ ರಚನೆಗೆ ಔಪಚಾರಿಕ ಸಂಘಟನೆಯೆಂದೂ, ಜನರು ತಾವಾಗಿ ಕಟ್ಟಿಕೊಂಡ ಬಳಕೆಗೆ ಅನೌಪಚಾರಿಕ ಸಂಘಟನೆಯೆಂದೂ ಪುಸ್ತಕ ಕರೆಯುತ್ತದೆ. ಅಮೆರಿಕದ ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಅಧ್ಯಯನಗಳು ಇದನ್ನು ಬೆಳಕಿಗೆ ತಂದವು. ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್ಟನ್ ಮೇಯೊ ಅವರ ಹೆಸರು ಆ ಅಧ್ಯಯನಗಳೊಂದಿಗೆ ಕೂಡಿಕೊಂಡಿದೆ. ಅಲ್ಲಿ ಒಂದು ಕೋಣೆಯಲ್ಲಿ ತಂತಿ ಜೋಡಿಸುವ ಹದಿನಾಲ್ಕು ಜನರನ್ನು ಗಮನಿಸಿದರು. ಹೆಚ್ಚು ಮಾಡಿದರೆ ಹೆಚ್ಚು ಕೂಲಿ ಸಿಗುವಂತಿದ್ದರೂ ಅವರು ತಮ್ಮೊಳಗೆ ಒಂದು ಅಳತೆ ಕಟ್ಟಿಕೊಂಡಿದ್ದರು. ಬಹಳ ವೇಗದಲ್ಲಿ ಮಾಡುವವನನ್ನೂ ಹಂಗಿಸುತ್ತಿದ್ದರು, ಬಹಳ ನಿಧಾನ ಮಾಡುವವನನ್ನೂ ಹಂಗಿಸುತ್ತಿದ್ದರು, ಗೆಳೆಯರ ಸುದ್ದಿಯನ್ನು ಮೇಲಿನವರಿಗೆ ಮುಟ್ಟಿಸುವವನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ನಮ್ಮ ಊರಿನ ಯಾವ ಕಣದಲ್ಲಿ, ಯಾವ ಶಿಕ್ಷಕರ ಕೋಣೆಯಲ್ಲಿ ಈ ನಿಯಮಗಳಿಲ್ಲ ಹೇಳಿರಿ!

ಈ ಬರೆಯದ ಬಳಗವು ಕೆಲಸ ಕೆಡಿಸುವುದಕ್ಕೇ ಇರುತ್ತದೆಂದು ತಿಳಿಯಬಾರದು. ನಿಪ್ಪಾಣಿಯ ತಂಬಾಕಿನ ವಖಾರಿಗಳನ್ನು ನೆನೆಯಿರಿ. ತಂಬಾಕಿನ ಧೂಳಿನಲ್ಲಿ ದಿನವೆಲ್ಲ ಜರಡಿ ಹಿಡಿಯುತ್ತಿದ್ದ ಹೆಣ್ಣುಮಕ್ಕಳು ಬರೆದ ಏಣಿಯ ಅತಿ ಕೆಳಗೆ ಇದ್ದವರು. ಅವರ ಮಾತು ಮೇಲಕ್ಕೆ ಹೋಗಲು ಯಾವ ಮೆಟ್ಟಿಲೂ ಇರಲಿಲ್ಲ. ಅಕ್ಕಪಕ್ಕದಲ್ಲಿ ಕುಳಿತವರ ಪಿಸುಮಾತು, ಓಣಿಯ ಕಟ್ಟೆಯ ಮಾತು ಸೇರಿ 1970ರ ದಶಕದ ಕೊನೆಯ ಹೊತ್ತಿಗೆ ಅವರು ಸಂಘವನ್ನೇ ಕಟ್ಟಿದರು. ಕೂಲಿ, ಕೆಲಸದ ಹೊತ್ತು, ತಮ್ಮನ್ನು ನಡೆಸಿಕೊಳ್ಳುವ ರೀತಿ ಇವನ್ನು ಕುರಿತು ಮಾತಾಡುವ ಹಕ್ಕನ್ನು ಕೇಳಿದರು. ಯುಗಾಂತರವೆಂಬ ಮಹಿಳೆಯರ ಚಿತ್ರತಂಡವು 1982ರಲ್ಲಿ ಅವರನ್ನು ಕುರಿತು ಸಾಕ್ಷ್ಯಚಿತ್ರವನ್ನೇ ಮಾಡಿತು. ಮೇಲಕ್ಕೆ ಹೋಗುವ ದಾರಿಯನ್ನು ಸಂಸ್ಥೆಯೇ ಮಾಡಿಕೊಡದಿದ್ದರೆ ಜನರು ತಾವೇ ದಾರಿ ಮಾಡಿಕೊಳ್ಳುತ್ತಾರೆ.

ಅಥಣಿಯ ಚಪ್ಪಲಿಯ ಮನೆಗಳಲ್ಲಿ ಇದಕ್ಕಿಂತ ಬೇರೆಯಾದ ರಚನೆಯಿದೆ. ಕೊಲ್ಹಾಪುರಿ ಎಂದು ಲೋಕವೆಲ್ಲ ಕರೆಯುವ ಚಪ್ಪಲಿಯ ದೊಡ್ಡ ಪಾಲು ನಮ್ಮ ಅಥಣಿ ಸೀಮೆಯ ಕೈಗಳಿಂದ ಬರುತ್ತದೆ. 2019ರಲ್ಲಿ ಪ್ರಕಟವಾದ ಭೌಗೋಳಿಕ ಸೂಚಿಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ಜಾಲಿಯ ತೊಗಟೆ, ಅಳಲೆಕಾಯಿ ಹಾಕಿ ತೊಗಲು ಹದಮಾಡುವುದು, ಅಟ್ಟೆ ಕತ್ತರಿಸುವುದು ಬಹುಮಟ್ಟಿಗೆ ಗಂಡಸರ ಕೆಲಸ. ಹೆಣಿಗೆ, ಹೊಲಿಗೆ ಹೆಣ್ಣುಮಕ್ಕಳದು. ಅಲ್ಲಿ ಪಟವಿಲ್ಲ, ಹುದ್ದೆಯ ಹೆಸರಿಲ್ಲ. ಅಟ್ಟೆ ಸರಿಯಿಲ್ಲದಿದ್ದರೆ ಹೊಲಿಯುವಾಕೆ ಅಲ್ಲಿಯೇ ಕುಳಿತು ಹೇಳುತ್ತಾಳೆ, ಕತ್ತರಿಸಿದವನು ಅಲ್ಲಿಯೇ ತಿದ್ದುತ್ತಾನೆ. ಆದರೆ ಆ ಮನೆಗೂ ಒಂದು ಕೊರತೆಯಿದೆ. ಹೆಣ್ಣುಮಗಳ ಹೊಲಿಗೆ ಮನೆಗೆಲಸದ ಲೆಕ್ಕಕ್ಕೆ ಹೋಗುತ್ತಿತ್ತು, ಕೂಲಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸ್ವಸಹಾಯ ಸಂಘಗಳು ಬಂದು ಅವಳ ಹೆಸರಿನಲ್ಲಿ ವಹಿ ತೆರೆದ ಮೇಲೆ ಅಲ್ಲಲ್ಲಿ ಆ ದುಡಿಮೆ ಕಣ್ಣಿಗೆ ಬಿತ್ತು. ಪ್ರೀತಿಯಿದ್ದ ಮಾತ್ರಕ್ಕೆ ಲೆಕ್ಕ ಬೇಡವೆನ್ನಲಾಗದು ಎಂಬುದಕ್ಕೆ ಈ ಮನೆಗಳೇ ಸಾಕ್ಷಿ.

ಮಠದ ಉಗ್ರಾಣ

ಫಯೋಲನ ಮೊದಲ ತತ್ತ್ವವನ್ನು ನಾನು ಮೊದಲು ಕಲಿತದ್ದು ಪುಸ್ತಕದಿಂದಲ್ಲ. 1969ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ತಂದೆಯವರು ನನ್ನನ್ನು ಒಂದು ಮಠದ ಪಾಠಶಾಲೆಗೆ ಸೇರಿಸಿದರು. ಅಲ್ಲಿ ದಾಸೋಹದ ಅಡಿಗೆಮನೆಯಲ್ಲಿ ಹುಡುಗರಿಗೆ ವಾರದ ಪಾಳಿಯಿರುತ್ತಿತ್ತು. ನೀರು ಒಬ್ಬನಿಗೆ, ಕಟ್ಟಿಗೆ ಒಬ್ಬನಿಗೆ, ಬಡಿಸುವುದು ಇಬ್ಬರಿಗೆ. ಉಗ್ರಾಣದ ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಂಡ ವೃದ್ಧರೊಬ್ಬರು ನಮಗೆಲ್ಲ ಹಿರಿಯರು. ಅವರು ಓದಿದವರಲ್ಲ.

ಒಂದು ಮಧ್ಯಾಹ್ನ ಮೀರಜದ ಕಡೆಯಿಂದ ಅನಿರೀಕ್ಷಿತವಾಗಿ ಭಕ್ತರ ಒಂದು ತಂಡ ಬಂತು. ಪೂಜ್ಯರೇ ಅಡಿಗೆಮನೆಯ ಬಾಗಿಲಿಗೆ ಬಂದರು. ಒಳಗಿದ್ದವನು ನಾನೊಬ್ಬನೇ. ಅಪ್ಪಣೆಯಾದರೆ ಓಡಲು ಸಿದ್ಧನಾಗಿ ನಿಂತೆ. ಪೂಜ್ಯರು “ಉಗ್ರಾಣದ ಮುತ್ಯಾ ಎಲ್ಲಿ?” ಎಂದಷ್ಟೇ ಕೇಳಿ, ಬಾಗಿಲ ಬಳಿಯ ಕಲ್ಲಿನ ಮೇಲೆ ಕುಳಿತು, ಮುತ್ಯಾ ಬಾವಿಯಿಂದ ಬರುವವರೆಗೆ ಕಾಯ್ದರು. ಬಂದ ಮೇಲೆ ಅವರಿಗೆ ಹೇಳಿ ಹೋದರು. ಮುತ್ಯಾ ನಮಗೆ ಹೇಳಿದರು. ಮಠಕ್ಕೇ ಒಡೆಯರಾದವರು ಒಂದು ಮಾತಿಗಾಗಿ ಕಲ್ಲಿನ ಮೇಲೆ ಕಾಯ್ದದ್ದು ನನಗೆ ಅರ್ಥವಾಗಲಿಲ್ಲ. ರಾತ್ರಿ ಪಾತ್ರೆ ತಿಕ್ಕುವಾಗ ಮುತ್ಯಾನನ್ನೇ ಕೇಳಿದೆ.

“ಅಪ್ಪಾರು ನಿನಗ ಹೇಳಿದ್ದರ ಇವತ್ತಿನ ಅಡಿಗಿ ಆಗತಿತ್ತೋ ತಮ್ಮಾ. ನಾಳಿಂದ ನೀ ನನ್ನ ಮಾತ ಕೇಳತಿದ್ದಿಲ್ಲ,” ಎಂದರು.

ನನ್ನ ಮೌನ

ಆ ಪಾಠವನ್ನು ಬೇರೆಯವರಿಗೆ ಹೇಳುತ್ತ ಬಂದವನು ನಾನು. ನಡೆಸಬೇಕಾದಾಗ ನಡೆಸಲಿಲ್ಲ.

1997ರಲ್ಲಿ ನಾನು ಒಂದು ವಸತಿ ಪ್ರೌಢಶಾಲೆಯ ಮುಖ್ಯಾಧ್ಯಾಪಕನಾಗಿದ್ದೆ. ಊಟದ ಉಗ್ರಾಣವೂ ನನ್ನ ಕೈಕೆಳಗೇ ಇತ್ತು. ನನ್ನ ಚೀಟಿಯಿಲ್ಲದೆ ಒಂದು ಕಾಳೂ ಹೊರಗೆ ಹೋಗಬಾರದೆಂದು ಉಗ್ರಾಣದ ಗುಮಾಸ್ತರಿಗೆ ನಾನೇ ಹೇಳಿದ್ದೆ. ಒಂದು ದಿನ ಆಡಳಿತ ಸಮಿತಿಯ ಹಿರಿಯರೊಬ್ಬರು ನೇರವಾಗಿ ಉಗ್ರಾಣಕ್ಕೆ ಬಂದು, ತಮ್ಮ ಮನೆಯ ಕಾರ್ಯಕ್ಕೆ ಐದು ಚೀಲ ಅಕ್ಕಿ ಬೇಕು, ವಾರದಲ್ಲಿ ತಿರುಗಿ ಬರುತ್ತವೆ ಎಂದರು. ಗುಮಾಸ್ತರು ಅಂದು ಸಂಜೆ ನನ್ನ ಕೋಣೆಗೆ ಬಂದು ಕೇಳಿದರು. ನಾನು ಮರುದಿನದ ಉಪನ್ಯಾಸಕ್ಕೆ ಟಿಪ್ಪಣಿ ಬರೆಯುತ್ತಿದ್ದೆ. ತಲೆಯೆತ್ತದೆ, “ಹಿರಿಯರು ಅಂದ ಮ್ಯಾಲೆ ಏನ ಮಾಡೂದು, ನೀವ ನೋಡ್ಕೋರಿ,” ಎಂದೆ.

‘ನೀವೇ ನೋಡಿಕೊಳ್ಳಿ’ ಎಂಬುದಕ್ಕಿಂತ ಕೆಟ್ಟ ಆಜ್ಞೆ ಇನ್ನೊಂದಿಲ್ಲವೆಂದು ಈಗ ತಿಳಿಯುತ್ತದೆ. ಅದರಲ್ಲಿ ಒಪ್ಪಿಗೆಯೂ ಇಲ್ಲ, ನಿಷೇಧವೂ ಇಲ್ಲ. ಅಧಿಕಾರವನ್ನು ನಮ್ಮಲ್ಲಿ ಇಟ್ಟುಕೊಂಡು ಹೊಣೆಯನ್ನು ಮಾತ್ರ ಕೆಳಗಿಳಿಸುವ ಮಾತು ಅದು.

ಅಕ್ಕಿ ಹೋಯಿತು, ತಿರುಗಿ ಬರಲಿಲ್ಲ. ಲೆಕ್ಕ ತಪಾಸಣೆಯಲ್ಲಿ ಐದು ಚೀಲ ಕಡಿಮೆ ಬಿತ್ತು. ಸಮಿತಿಯ ಸಭೆಯಲ್ಲಿ ಆ ಹಿರಿಯರು ಎದುರಿಗೇ ಕುಳಿತಿದ್ದರು, ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಗುಮಾಸ್ತರು ಒಮ್ಮೆ ನನ್ನ ಮುಖ ನೋಡಿದರು. ನಾನು ಮೇಜಿನ ಮೇಲಿನ ಕಾಗದ ನೋಡಿದೆ. ‘ಗುಮಾಸ್ತರ ನಿರ್ಲಕ್ಷ್ಯದಿಂದ’ ಎಂದು ಠರಾವಾಯಿತು. ಕೆಳಗೆ ನಾನು ಸಹಿ ಮಾಡಿದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅವರು ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ವಸತಿಗೃಹ ಬಿಟ್ಟು ಹೋದರು. ಆ ಮಕ್ಕಳಿಬ್ಬರೂ ನನ್ನ ವಿದ್ಯಾರ್ಥಿನಿಯರು.

ಹದಿನಾಲ್ಕು ವರ್ಷಗಳ ಮೇಲೆ, 2011ರಲ್ಲಿ, ರಾಯಬಾಗ ನಿಲ್ದಾಣದ ಬಾಕಿನ ಮೇಲೆ ಅವರು ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರೇ ಎದ್ದು ನಮಸ್ಕರಿಸಿದರು. ಮಕ್ಕಳ ಕ್ಷೇಮ ಕೇಳಿದೆ, ಇಬ್ಬರದೂ ಮದುವೆಯಾಗಿದೆ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಗುರುಗಳ, ಅಕ್ಕಿ ಹ್ವಾದದ್ದು ನನಗ ಮರತೈತಿ. ನೀವು ತಲಿ ತಗ್ಗಿಸಿ ಸಹಿ ಮಾಡಿದ್ದು ಮರತಿಲ್ಲರಿ,” ಎಂದರು. ಸಿಟ್ಟು ಇರಲಿಲ್ಲ ದನಿಯಲ್ಲಿ. ತಪ್ಪಾಯಿತೆಂಬ ಮಾತು ನನ್ನ ಗಂಟಲಿನವರೆಗೆ ಬಂದು ನಿಂತಿತು. ಅವರ ಗಾಡಿ ಬಂತು, ಹತ್ತಿ ಹೋದರು. ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಕೇಳಿದೆ.

ನಾವು ಕಾಯಕದ ಮಹಿಮೆಯನ್ನು ಬಹಳ ಮಾತಾಡುವ ಜನ. ಆದರೆ ಯೋಚಿಸಿ ನೋಡಿದರೆ, ಕಾಯಕನಿಷ್ಠೆಯನ್ನು ನಾವು ಬೋಧಿಸುವುದು ಹೆಚ್ಚಾಗಿ ಕೆಳಗೆ ನಿಂತು ದುಡಿಯುವವನಿಗೆ. ಆಜ್ಞೆ ಕೊಡುವುದೂ ಒಂದು ಕಾಯಕವೆಂದು, ಅದಕ್ಕೂ ಶುಚಿತ್ವ ಬೇಕೆಂದು, ಕೊಟ್ಟ ಆಜ್ಞೆಯನ್ನು ಸಭೆಯಲ್ಲಿ ‘ನಾನೇ ಕೊಟ್ಟೆ’ ಎಂದು ಒಪ್ಪಿಕೊಳ್ಳುವುದೇ ಆ ಶುಚಿತ್ವವೆಂದು ಯಾರೂ ಹೇಳುವುದಿಲ್ಲ. ನಾನೂ ನನ್ನ ನೂರಾರು ಉಪನ್ಯಾಸಗಳಲ್ಲಿ ಹೇಳಲಿಲ್ಲ.

ಸಹಿ

ಅಂದು ರಾತ್ರಿ ನನ್ನ ಅಳಿಯನಿಗೆ ಇದನ್ನೆಲ್ಲ ಹೇಳಿ, ‘ಹೀಗೆ ಮಾಡು’ ಎಂದು ಮಾತ್ರ ಹೇಳಲಿಲ್ಲ. ಅವನಿಗೆ ಮನೆಯಿದೆ, ಸಾಲವಿದೆ, ಎರಡು ವರ್ಷದ ಕೂಸಿದೆ. ಬೆಳಿಗ್ಗೆ ಐದು ಗಂಟೆಗೆ ಎದ್ದು ಚಹ ಕುಡಿದು ಹೋದನು.

ಅವನು ಸಹಿ ಮಾಡಲಿಲ್ಲ. ಅದರ ಬದಲು ಒಂದು ಪುಟದ ವರದಿ ಬರೆದನು. ಯಾವ ದಿನ ಯಾರು ಹುಡುಗನಿಗೆ ಏನು ಹೇಳಿದರು, ಯಾವ ಹೊತ್ತಿಗೆ ಟ್ರ್ಯಾಕ್ಟರುಗಳು ಎತ್ತ ತಿರುಗಿದವು ಎಂಬುದನ್ನು ಬರೆದು, ಯಾರನ್ನೂ ದೂರದೆ, ಇನ್ನು ಮುಂದೆ ಸರದಿ ಬದಲಿಸುವ ಯಾವ ಮಾತೇ ಬರಲಿ, ಅದನ್ನು ವಿಭಾಗದ ವಹಿಯಲ್ಲಿ ಬರೆದು, ಹೇಳಿದವರ ಹೆಸರು ಕಾಣಿಸಿ, ಅಧಿಕಾರಿಯ ಸಹಿಯಾದ ಮೇಲೆಯೇ ಹುಡುಗರಿಗೆ ಮುಟ್ಟಿಸಬೇಕೆಂದು ಸೂಚಿಸಿದನು. ಹುಡುಗನನ್ನು ತೆಗೆಯಲಿಲ್ಲ, ಎಚ್ಚರಿಕೆಯ ಪತ್ರ ಕೊಟ್ಟು ಬಿಟ್ಟರು. ನನ್ನ ಅಳಿಯನನ್ನು ತಿಂಗಳೊಳಗೆ ದೂರದ ವಿಭಾಗಕ್ಕೆ ಹಾಕಿದರು. ಈಗ ಅವನು ದಿನವೂ ಮೂವತ್ತು ಕಿಲೋಮೀಟರು ಹೆಚ್ಚು ಓಡಾಡುತ್ತಾನೆ. ಹೊಸ ವಿಭಾಗದಲ್ಲಿ ತನ್ನ ಖರ್ಚಿನಿಂದಲ್ಲಿ ಒಂದು ವಹಿ ತಂದಿಟ್ಟಿದ್ದಾನೆ. ಅದನ್ನು ಇಟ್ಟ ಮೇಲೆ ಫೋನುಗಳು ಕಡಿಮೆಯಾಗಿವೆಯೆಂದು ನಗುತ್ತ ಹೇಳಿದನು. ಹೆಸರು ಬರೆದುಕೊಳ್ಳುತ್ತೇವೆ ಎಂದಾಗ ಎಷ್ಟೋ ಜನ ಹಿರಿಯರಿಗೆ ಅವಸರವೇ ಉಳಿಯುವುದಿಲ್ಲವಂತೆ.

ಓದುಗ ಬಂಧುಗಳೇ, ನಾವೆಲ್ಲರೂ ಯಾವುದಾದರೊಂದು ಏಣಿಯ ಮೇಲೆ ನಿಂತವರು. ಊರ ಪತ್ತಿನ ಸಂಘ, ಹಾಲಿನ ಡೇರಿ, ಜಾತ್ರೆಯ ಸಮಿತಿ, ಮಹಿಳಾ ಮಂಡಳ, ಶಾಲೆಯ ಆಡಳಿತ ಎಲ್ಲವೂ ಸಂಘಟನೆಗಳೇ. ಮನೆಯೂ ಒಂದು ಸಂಘಟನೆ. ಅತ್ತೆ ಒಂದು ಹೇಳಿ, ಗಂಡ ಇನ್ನೊಂದು ಹೇಳಿ, ಸಂಜೆಗೆ ಸೊಸೆಯ ತಪ್ಪು ಎನ್ನುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ತಂದೆ ಓದು ಎಂದು, ತಾಯಿ ಅಂಗಡಿಗೆ ಹೋಗು ಎಂದು, ಕೊನೆಗೆ ಮಗನ ಬೆನ್ನಿಗೆ ಪೆಟ್ಟು ಬೀಳುವುದೂ ಇದೇ ರಚನೆಯ ದೋಷ. ಯಾರದಾದರೂ ತಪ್ಪೆಂದು ತೀರ್ಮಾನಿಸುವ ಮೊದಲು ಮೂರು ಪ್ರಶ್ನೆ ಕೇಳುವ ರೂಢಿ ಮಾಡಿಕೊಳ್ಳೋಣ. ಇವನಿಗೆ ಎಷ್ಟು ಜನ ಹೇಳಿದರು? ಹೇಳಿದವರು ಈಗ ಒಪ್ಪಿಕೊಳ್ಳುತ್ತಾರೆಯೇ? ಗೊಂದಲವಾದಾಗ ಯಾರನ್ನು ಕೇಳಬೇಕೆಂದು ಇವನಿಗೆ ತಿಳಿದಿತ್ತೇ, ಕೇಳಿದಾಗ ಉತ್ತರ ಸಿಕ್ಕಿತ್ತೇ?

1997ರ ಆ ಸಭೆಯಲ್ಲಿ ಇವನ್ನು ಕೇಳಿದವರು ಒಬ್ಬರೂ ಇರಲಿಲ್ಲ. ಕೇಳಬೇಕಾಗಿದ್ದವನು ನಾನು.